ಆ ಮಾತು ಅವನ ಕಿವಿಗೂ ಬಿದ್ದಿದೆ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಡೌನ್ ಸಿಂಡ್ರೋಮ್ ಇದೆ. ದಾವಣಗೆರೆಯಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುತ್ತಾನೆ. ನಾನು ಚಿತ್ರಕಲೆ ಓದಿದವಳು. ಅವನ ಬದುಕನ್ನು ಗ್ರಾಫಿಕ್ ಕಾದಂಬರಿಯಾಗಿ, ಅಂದರೆ ಚಿತ್ರಗಳಲ್ಲೇ ಹೇಳುವ ಕಾದಂಬರಿಯಾಗಿ, ಬರೆಯಲು ಹೊರಟಿದ್ದೇನೆ. ಇದುವರೆಗಿನ ಪುಟಗಳನ್ನು ನೋಡಿದವರೆಲ್ಲ ಕಣ್ಣೀರು ಹಾಕಿದ್ದಾರೆ, ಆದರೆ ನನಗೇ ಏನೋ ಸರಿಬಂದಿಲ್ಲ ಅನಿಸುತ್ತಿದೆ. ಬೇರೆ ಕಡೆ ಇಂಥ ಪುಸ್ತಕಗಳು ಬಂದಿವೆಯೇ? ಅವನ ಮುಖವನ್ನು ಹೇಗೆ ಬರೆಯಲಿ? ಅವನ ಮಾತು ಹೊರಗಿನವರಿಗೆ ಅರ್ಧ ತಿಳಿಯುವುದಿಲ್ಲ, ಅದನ್ನು ಪಾತ್ರಗಳ ಮಾತು ಬರೆಯುವ ಬಲೂನಿನಲ್ಲಿ ಹೇಗೆ ತರಲಿ? ಇದಕ್ಕೆಲ್ಲ ಅವನ ಒಪ್ಪಿಗೆ ಬೇಕೇ? ಅಂಗಡಿಯ ಒಂದು ಪುಟವನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಪುಟದಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಮೂರು ಚೌಕಗಳಿವೆ. ಮೊದಲನೆಯದರಲ್ಲಿ ಗಿರಾಕಿ ಹೆಂಗಸು ತಮ್ಮನ ಕಡೆ ಕೈ ತೋರಿಸಿ ನಿಮ್ಮನ್ನು ಕೇಳುತ್ತಾರೆ: "ಇವ್ನಿಗೆ ಲೆಕ್ಕ ತಿಳಿತೈತೇನವ್ವಾ?" ಎರಡನೆಯದು ನಿಮ್ಮ ಮುಖ, ಅರ್ಧ ಪುಟ ತುಂಬುವಷ್ಟು ದೊಡ್ಡದು, ಕಣ್ಣಲ್ಲಿ ನೀರು. ಮೂರನೆಯದರಲ್ಲಿ ಹಿಂದುಗಡೆ, ಸಣ್ಣದಾಗಿ, ನಿಮ್ಮ ತಮ್ಮ ಬೆಲ್ಲದ ಪೊಟ್ಟಣಕ್ಕೆ ದಾರ ಸುತ್ತುತ್ತ ನಗುತ್ತಿದ್ದಾನೆ. ಗೆರೆ ಗಟ್ಟಿಯಾಗಿದೆ. ತಕ್ಕಡಿ, ಡಬ್ಬಿಗಳ ಸಾಲು, ಮೇಲಿಂದ ನೇತಾಡುವ ಶಾಂಪೂ ಪ್ಯಾಕೆಟ್ಟುಗಳ ಸರ ಎಲ್ಲ ಕಣ್ಣಿಗೆ ಕಟ್ಟುವಂತಿವೆ. ನೋಡಿದವರು ಅತ್ತದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರು ಅತ್ತದ್ದು ನಿಮಗಾಗಿ.

ಆ ಮಾತು ತಮ್ಮನ ಕಿವಿಗೂ ಬಿದ್ದಿದೆ. ಅವನು ನಿಂತಿರುವುದು ನಾಲ್ಕು ಹೆಜ್ಜೆ ದೂರದಲ್ಲಿ. ಕೇಳಿಸಿಕೊಂಡಾಗ ಅವನಿಗೆ ಏನನಿಸಿತು, ಅವನ ಕೈ ನಿಂತಿತೇ, ಆ ಹೆಂಗಸನ್ನು ನೋಡಿದನೇ, ದಾರವನ್ನು ಇನ್ನಷ್ಟು ಬಿಗಿದನೇ? ಪುಟದಲ್ಲಿ ಇದಕ್ಕೆ ಒಂದು ಚೌಕವೂ ಇಲ್ಲ. ಅವನ ಹೆಸರಿನ ಪುಸ್ತಕದಲ್ಲಿ ಅವನು ಹಿನ್ನೆಲೆಯ ಚಿತ್ರವಾಗಿದ್ದಾನೆ. ನಿಮಗೆ ಸರಿಬಂದಿಲ್ಲ ಅನಿಸುತ್ತಿರುವುದು ಇದೇ ಇರಬೇಕು, ಮತ್ತು ಅದು ಸರಿಯಾದ ಅನಿಸಿಕೆ.

ಇದು ನಿಮ್ಮೊಬ್ಬರ ತೊಂದರೆ ಅಂದುಕೊಳ್ಳಬೇಡಿ. ಬೆಳವಣಿಗೆಯ ಅಂಗವೈಕಲ್ಯ ಇರುವವರ ಬಗ್ಗೆ ಜಗತ್ತಿನಲ್ಲಿ ಬಂದಿರುವ ಚಿತ್ರಕಾದಂಬರಿಗಳಲ್ಲಿ ಹೆಸರಾದ ಹಲವನ್ನು ಅಪ್ಪಂದಿರು, ಅಮ್ಮಂದಿರು, ಒಡಹುಟ್ಟಿದವರು ಬರೆದಿದ್ದಾರೆ. ಹಾಗಾಗಿ ಕಥೆಗೆ ತಾನೇತಾನಾಗಿ ಒಂದು ದಾರಿ ಬಿದ್ದುಬಿಡುತ್ತದೆ: ವೈದ್ಯರು ಹೇಳಿದ ದಿನದ ಆಘಾತ, ಆಮೇಲೆ ದುಃಖ, ಜಗಳ, ಕೊನೆಗೆ ಮಗುವನ್ನು ಇದ್ದ ಹಾಗೆ ಒಪ್ಪಿಕೊಳ್ಳುವುದು. ಅದರಲ್ಲಿ ಸುಳ್ಳೇನಿಲ್ಲ. ಫ್ರಾನ್ಸಿನ ಫಾಬಿಯಾಂ ಟುಲ್ಮೆ 2014ರಲ್ಲಿ ಪ್ರಕಟಿಸಿದ, 'ನಾನು ಕಾಯುತ್ತಿದ್ದುದು ನಿನಗಲ್ಲ' ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ತೆಗೆದುಕೊಳ್ಳಿ. ಡೌನ್ ಸಿಂಡ್ರೋಮ್ ಇರುವ ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲೂ ಮನಸ್ಸಾಗದ ತಂದೆಯ ಕಥೆ ಅದು. ತನ್ನ ಮನಸ್ಸಿನ ಕೆಟ್ಟ ಯೋಚನೆಗಳನ್ನೂ ಮುಚ್ಚಿಡದೆ ಬರೆದಿದ್ದಾನೆ. ಬ್ರಿಟನ್ನಿನ ಹೆನಿ ಬೋಮಾಂಟ್ 2016ರಲ್ಲಿ ತಮ್ಮ ಮಗಳು ಬೆತ್ ಬಗ್ಗೆ ಬರೆದದ್ದೂ ಇಂಥದೇ ಧೈರ್ಯದ ಪುಸ್ತಕ. ಹೊಸದಾಗಿ ಈ ಸುದ್ದಿ ಕೇಳಿದ ತಂದೆ ತಾಯಿಯ ಕೈಗೆ ನಾನು ಇವನ್ನು ಸಂತೋಷದಿಂದ ಕೊಡುತ್ತೇನೆ. ಆದರೆ ಇವುಗಳಲ್ಲಿ ಬದಲಾಗುವ ಪಾತ್ರ ಅಪ್ಪ ಅಥವಾ ಅಮ್ಮ. ಮಗು ಅವರ ಬದಲಾವಣೆಗೆ ಕಾರಣ ಮಾತ್ರ. ನಿಮ್ಮ ತಮ್ಮ ಕೂಸಲ್ಲ, 24ರ ಗಂಡಸು. ಆ ದಾರಿ ನಿಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ.

ಹಾಗಾದರೆ ಯಾವುದನ್ನು ನೋಡಬೇಕು? ನಾನು ಮತ್ತೆ ಮತ್ತೆ ತೆರೆಯುವುದು ಸ್ಪೇನಿನ ಮಿಗೆಲ್ ಗಯಾರ್ದೊ 2007ರಲ್ಲಿ ಹೊರತಂದ 'ಮರಿಯಾ ಮತ್ತು ನಾನು'. ತೆಳ್ಳಗಿನ ಪುಸ್ತಕ, ಕಪ್ಪು ಮತ್ತು ಕೆಂಪು ಎರಡೇ ಬಣ್ಣ, ಅಕ್ಷರವೆಲ್ಲ ಅವನದೇ ಕೈಬರಹ. ಮಗಳು ಮರಿಯಾಳಿಗೆ 12 ವರ್ಷ, ಆಟಿಸಂ ಇದೆ. ಅವಳು ಅಮ್ಮನ ಜೊತೆ ಕೆನರಿ ದ್ವೀಪದಲ್ಲಿ, ಅಪ್ಪ ಬಾರ್ಸಿಲೋನಾದಲ್ಲಿ. ಇಬ್ಬರೂ ಸೇರಿ ರಜೆಗೆ ಒಂದು ರೆಸಾರ್ಟಿಗೆ ಹೋಗುತ್ತಾರೆ, ಅಷ್ಟೇ ಕಥೆ. ಆಟಿಸಂ ಪತ್ತೆಯಾದ ದಿನದ ಅಳುವಿಲ್ಲ, ದೊಡ್ಡ ತಿರುವಿಲ್ಲ. ಮರಿಯಾ ಮರಳನ್ನು ಬೆರಳ ಸಂದಿಯಿಂದ ಸುರಿಸುತ್ತ ಕೂರುತ್ತಾಳೆ. ತನಗೆ ಗೊತ್ತಿರುವವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾಳೆ, ಅಪ್ಪ ಅವರೆಲ್ಲರ ಚಿತ್ರವನ್ನು ಕಾಗದದ ಮೇಲೆ ಬರೆದುಕೊಡುತ್ತಾನೆ. ಊಟದ ಕೋಣೆಯಲ್ಲಿ ಜನ ದಿಟ್ಟಿಸುತ್ತಾರೆ. ಆ ದಿಟ್ಟಿಸುವ ಮುಖಗಳನ್ನು ಗಯಾರ್ದೊ ಸಾಲಾಗಿ ಬರೆದಿಡುತ್ತಾನೆ, ಈಗ ನಾವು ಅವರನ್ನು ದಿಟ್ಟಿಸುತ್ತೇವೆ. ಇಲ್ಲಿ ಚಿತ್ರ ಅಪ್ಪ ಮಗಳ ನಡುವಿನ ಮಾತುಕತೆಯ ಸಾಧನವೂ ಹೌದು. ಮೊದಲು ಅವಳಿಗಾಗಿ ಬರೆಯುತ್ತಿದ್ದ, ಆಮೇಲೆ ನಮಗಾಗಿ ಪುಸ್ತಕ ಮಾಡಿದ. ಆ ಕ್ರಮದಿಂದಲೇ ಪುಸ್ತಕಕ್ಕೆ ಅಷ್ಟು ಹಗುರ ಬಂದಿದೆ ಎಂದು ನನ್ನ ನಂಬಿಕೆ.

ಇದಕ್ಕೆ ಪೂರ್ತಿ ಬೇರೆ ಅಳತೆಯದು ಜಪಾನಿನ ಕೈಕೊ ತೋಬೆಯವರ ಮಾಂಗಾ (ಜಪಾನಿ ಚಿತ್ರಕಥೆ), 'ಬೆಳಕಿನ ಜೊತೆಗೆ' ಎಂಬ ಅರ್ಥದ ಹೆಸರಿನದು. ಗೃಹಿಣಿಯರು ಓದುವ ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಧಾರಾವಾಹಿಯಾಗಿ ಬಂತು. ಹಿಕಾರು ಎಂಬ ಹುಡುಗನಿಗೆ ಆಟಿಸಂ. ಕೂಸಾಗಿದ್ದಾಗ ಎತ್ತಿಕೊಂಡರೆ ಕಿರುಚುತ್ತಾನೆ, ಅತ್ತೆ ಸೊಸೆಯ ಸಾಕಣೆಯನ್ನೇ ದೂರುತ್ತಾರೆ, ಗಂಡ ಆಫೀಸು ಬಿಟ್ಟು ಬರುವುದಿಲ್ಲ. ನಮ್ಮ ಮನೆಗಳ ಕಥೆಯೇ. ಆದರೆ ಧಾರಾವಾಹಿಯ ಉದ್ದ ಅದನ್ನು ಬೇರೆ ಎತ್ತರಕ್ಕೆ ಒಯ್ಯುತ್ತದೆ. ಹುಡುಗ ಶಾಲೆ ಸೇರುತ್ತಾನೆ, ಒಳ್ಳೆಯ ಟೀಚರ್ ಸಿಗುತ್ತಾರೆ, ಅವರು ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಗುತ್ತದೆ. ಅಂಗವೈಕಲ್ಯ ಇರುವ ಮಗುವಿನ ಮನೆಯವರಿಗೆ ಈ 'ಮೊದಲಿಂದ' ಎನ್ನುವುದು ಎಷ್ಟು ಸುಸ್ತಿನದೆಂದು ಗೊತ್ತು. ಒಂದೇ ಸಂಪುಟದ ಕಾದಂಬರಿಯಲ್ಲಿ ಅದನ್ನು ತರುವುದು ಕಷ್ಟ. 2010ರಲ್ಲಿ ತೋಬೆ ತೀರಿಕೊಂಡಾಗ ಕಥೆ ಮುಗಿದಿರಲಿಲ್ಲ. ಹಿಕಾರು ಖುಷಿಯಿಂದ ದುಡಿಯುವ ದೊಡ್ಡವನಾಗಬೇಕು ಎಂಬ ತಾಯಿಯ ಆಸೆ ಕಥೆಯುದ್ದಕ್ಕೂ ಬರುತ್ತದೆ. ಓದುಗರು ಅವನನ್ನು ಆ ವಯಸ್ಸಿನಲ್ಲಿ ನೋಡಲೇ ಇಲ್ಲ.

ಅಕ್ಕನಾದ ನೀವು ಓದಲೇಬೇಕಾದದ್ದು ಅಮೆರಿಕದ ಪಾಲ್ ಮತ್ತು ಜೂಡಿ ಕರಾಸಿಕ್ ಎಂಬ ಒಡಹುಟ್ಟಿದವರ 'ದಿ ರೈಡ್ ಟುಗೆದರ್', 2003ರದು. ಆಟಿಸಂ ಇರುವ ಹಿರಿಯಣ್ಣ ಡೇವಿಡ್ ಬಗ್ಗೆ ಇಬ್ಬರೂ ಸೇರಿ ಮಾಡಿದ್ದು. ಒಂದು ಅಧ್ಯಾಯ ಜೂಡಿಯ ಗದ್ಯ, ಮುಂದಿನದು ಪಾಲ್‌ನ ಚಿತ್ರ, ಹೀಗೆ ಸರದಿ. ಒಬ್ಬನೇ ಅಣ್ಣನನ್ನು ಇಬ್ಬರು ಬೇರೆ ಬೇರೆಯಾಗಿ ಕಂಡಿದ್ದಾರೆ ಎನ್ನುವುದು ಆ ಸರದಿಯಿಂದಲೇ ಗೊತ್ತಾಗುತ್ತದೆ. ಡೇವಿಡ್ ಟೀವಿ ಕಾರ್ಯಕ್ರಮಗಳನ್ನು ಬಾಯಿಪಾಠವಾಗಿ ಒಬ್ಬನೇ ಅಭಿನಯಿಸುತ್ತಾನೆ. ಪಾಲ್ ಅದನ್ನು ರೋಗದ ಲಕ್ಷಣವೆಂದು ತೋರಿಸುವುದಿಲ್ಲ, ಡೇವಿಡ್ ತನ್ನ ದಿನವನ್ನು ಕಟ್ಟಿಕೊಳ್ಳುವ ಕ್ರಮವೆಂದು ತೋರಿಸುತ್ತಾನೆ.

ಒಡಹುಟ್ಟಿದವರ ಇನ್ನೊಂದು ಪುಸ್ತಕದ ಬಗ್ಗೆ ಎಚ್ಚರಿಕೆ ಹೇಳಬೇಕು. ಫ್ರಾನ್ಸಿನ ಡೇವಿಡ್ ಬಿ. 1996ರಿಂದ 2003ರವರೆಗೆ ಆರು ಸಂಪುಟಗಳಲ್ಲಿ ಅಣ್ಣನ ಮೂರ್ಛೆರೋಗದ ಕಥೆ ಬರೆದ. ಗ್ರಾಫಿಕ್ ಕಾದಂಬರಿಗಳಲ್ಲಿ ಅದರ ಸ್ಥಾನ ಬಹಳ ದೊಡ್ಡದು, ಚಿತ್ರಕಲೆ ಓದಿದವರೆಲ್ಲ ಅದನ್ನು ನೋಡಿ ಮರುಳಾಗುತ್ತಾರೆ. ಅದರಲ್ಲಿ ರೋಗ ಒಂದು ಹಾವಿನಂಥ ದೈತ್ಯ ಪ್ರಾಣಿಯಾಗಿ ಅಣ್ಣನ ಮೈಗೆ ಸುತ್ತಿಕೊಳ್ಳುತ್ತದೆ. ಮೂರ್ಛೆಗೆ ಆ ರೂಪ ಹೊಂದುತ್ತದೆ, ಅದು ಬರುತ್ತದೆ, ಕೆಡವುತ್ತದೆ, ಹೋಗುತ್ತದೆ. ಡೌನ್ ಸಿಂಡ್ರೋಮಿಗೆ, ಆಟಿಸಂಗೆ ಹೊಂದುವುದಿಲ್ಲ. ನಿಮ್ಮ ತಮ್ಮನ ಒಂದೊಂದು ಜೀವಕೋಶದಲ್ಲೂ 21ನೇ ಕ್ರೋಮೋಸೋಮ್ ಮೂರು ಪ್ರತಿ ಇರುವುದರಿಂದ ಬಂದದ್ದು ಡೌನ್ ಸಿಂಡ್ರೋಮ್. ಅದನ್ನು ರಾಕ್ಷಸನಾಗಿ ಹೊರಗೆ ನಿಲ್ಲಿಸಿ ಒಳಗೆ 'ನಿಜವಾದ ತಮ್ಮ' ಬೇರೊಬ್ಬನಿದ್ದಾನೆ ಎಂದು ತೋರಿಸಿದರೆ, ಕಣ್ಣೆದುರು ಇರುವವನನ್ನು ಅಳಿಸಿದ ಹಾಗೆ. ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲೇ ತಂದೆತಾಯಿಯರನ್ನು ಉದ್ದೇಶಿಸಿ ಇದನ್ನು ಹೇಳಿದರು: ಆಟಿಸಂ ಎನ್ನುವುದು ಒಳಗೊಬ್ಬ ಸಹಜ ಮಗುವನ್ನು ಬಚ್ಚಿಟ್ಟುಕೊಂಡ ಚಿಪ್ಪಲ್ಲ. ಗಾಜಿನ ಗೋಡೆ, ಪಂಜರ, ಕೂಡದ ಪಜಲ್ ತುಂಡು, ಇವೆಲ್ಲ ಅದೇ ಜಾತಿಯ ಚಿತ್ರಗಳು. ಪಜಲ್ ತುಂಡನ್ನು 1963ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ ಲಾಂಛನವಾಗಿ ಆರಿಸಿದಾಗ ಅದರೊಳಗೆ ಅಳುವ ಮಗುವಿನ ಚಿತ್ರವಿತ್ತು. ಆಟಿಸಂ ಇರುವ ಎಷ್ಟೋ ಮಂದಿ ಇಂದು ಆ ಗುರುತನ್ನು ಬೇಡ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಸಮನಾದದ್ದು 'ದೇವರ ಮಗು'. ಹಿಂದಿನ ಜನ್ಮದ ಕರ್ಮ ಎನ್ನುವುದು ಅದರ ಇನ್ನೊಂದು ಮುಖ. ಎರಡನ್ನೂ ನಿಮ್ಮ ಪುಸ್ತಕದ ಅಜ್ಜಿಯೋ ಅತ್ತೆಯೋ ಹೇಳಲಿ, ಅವರು ನಿಜವಾಗಿ ಹೇಳಿದ್ದರೆ. ನಿರೂಪಣೆಯ ಸಾಲಿನಲ್ಲಿ ಬೇಡ.

ಈಗ ಮುಖ. ಇದರ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಡೌನ್ ಸಿಂಡ್ರೋಮಿನ ಚರಿತ್ರೆಯೇ ಮುಖದಿಂದ ಶುರುವಾಗಿದೆ. 1866ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ ಕಣ್ಣು ಮೂಗು ನೋಡಿ ಈ ಮಕ್ಕಳನ್ನು ಮಂಗೋಲ್ ಜನಾಂಗಕ್ಕೆ ಹೋಲಿಸಿ ಹೆಸರಿಟ್ಟ. ಮಂಗೋಲಿಯಾ ದೇಶವೇ ಕೇಳಿಕೊಂಡ ಮೇಲೆ, 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಹೆಸರನ್ನು ಬಿಟ್ಟಿತು. ಸುಮಾರು ನೂರು ವರ್ಷ ಪಠ್ಯಪುಸ್ತಕಗಳು ಎಲ್ಲರಿಗೂ ಒಂದೇ ಮುಖ ಎಂಬಂತೆ ಚಿತ್ರ ಹಾಕಿದವು. ಚಿತ್ರಕಥೆಯ ಗೆರೆಗೆ ಸರಳ ಮಾಡುವ, ಒಂದೆರಡು ಗುರುತಿನಲ್ಲಿ ಮುಗಿಸುವ ಸ್ವಭಾವ ಇರುವುದರಿಂದ ಅದೇ ತಪ್ಪಿಗೆ ಜಾರುವುದು ಸುಲಭ. ಮೇಲೆ ಓರೆಯಾದ ಕಣ್ಣು, ಚಪ್ಪಟೆ ಮೂಗು, ಹೊರಗೆ ಚಾಚಿದ ನಾಲಿಗೆ ಹಾಕಿಬಿಟ್ಟರೆ ಅದು ಯಾರ ಚಿತ್ರವೂ ಆಗುವುದಿಲ್ಲ.

ಭಯಕ್ಕೆ ಇನ್ನೊಂದು ತುದಿಗೆ ಹೋಗಿ ಆ ಗುರುತುಗಳನ್ನೆಲ್ಲ ಅಳಿಸಿಬಿಡುವುದೂ ಬೇಡ. ನಿಮ್ಮ ಪುಟದಲ್ಲಿ ಅವನಿಗೆ ನಿಮ್ಮದೇ ಕಣ್ಣು ಬರೆದಿದ್ದೀರಿ. ಅದು ಅವನಿಗೆ ಗೊತ್ತಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರ ಮುಖದಲ್ಲಿ ಆ ಲಕ್ಷಣಗಳ ಜೊತೆಗೇ ಮನೆತನದ ಚಹರೆಯೂ ಇರುತ್ತದೆ: ಅಪ್ಪನ ಗದ್ದ, ಅಜ್ಜನ ಕಿವಿ, ಅಮ್ಮ ಹುಬ್ಬು ಗಂಟಿಕ್ಕುವ ರೀತಿ. ಮೊದಲು ಅಪ್ಪ ಅಮ್ಮ ನಿಮ್ಮನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಏನೇನು ಅವನಿಗೆ ಬಂದಿದೆ ಎಂದು ಹುಡುಕಿ. ಆಮೇಲೆ ಅವನ ಮುಖವನ್ನು ಬೇರೆ ಬೇರೆ ಮನಸ್ಥಿತಿಯಲ್ಲಿ ಬರೆಯಿರಿ. ಕಳಿಸಿದ ಪುಟದಲ್ಲಿ ನಗುತ್ತಿದ್ದಾನೆ. ಅವರು ಸದಾ ಖುಷಿಯಾಗಿರುತ್ತಾರೆ ಎನ್ನುವುದು ಜನ ಹೊರಿಸಿದ ಮಾತು. ಡೌನ್ ಇರುವ ದೊಡ್ಡವರಿಗೆ ಬೇಸರ, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಇರುತ್ತವೆ, ಖಿನ್ನತೆಯೂ ಬರುತ್ತದೆ. ನಿಮ್ಮ ಮದುವೆಯ ಮಾತು ಬಂದಾಗ, ಅಂಗಡಿಗೆ ಹೊಸ ಹುಡುಗನನ್ನು ಕೆಲಸಕ್ಕೆ ಇಟ್ಟಾಗ ಅವನ ಮುಖ ಹೇಗಾಯಿತು ಎಂಬುದು ನಿಮಗೇ ಗೊತ್ತು.

ಮುಖಕ್ಕಿಂತ ನಾನು ಹೆಚ್ಚು ನಂಬುವುದು ಕೈಯನ್ನು. ಬೆರಳು ಗಿಡ್ಡ, ಕೀಲು ಸಡಿಲ, ಸ್ನಾಯುವಿನ ಬಿಗಿ ಕಡಿಮೆ, ಅಂಗೈಯಲ್ಲಿ ಕೆಲವರಿಗೆ ಅಡ್ಡಲಾಗಿ ಒಂದೇ ಗೆರೆ. ಇಂಥ ಕೈ ಪೊಟ್ಟಣ ಕಟ್ಟುವುದನ್ನು ಹೇಗೆ ಕಲಿತಿತು? ದಾರದ ತುದಿಯನ್ನು ಹಲ್ಲಲ್ಲಿ ಹಿಡಿಯುತ್ತಾನೆಯೇ, ಮೊಣಕೈಯಿಂದ ಪೊಟ್ಟಣವನ್ನು ಒತ್ತಿಕೊಳ್ಳುತ್ತಾನೆಯೇ? ಅವನು ತನಗೆ ಬೇಕಾದಂತೆ ಕಂಡುಕೊಂಡ ಒಂದು ಕ್ರಮ ಇದ್ದೇ ಇರುತ್ತದೆ. ಅದನ್ನು ಒಂದು ಪೂರ್ತಿ ಪುಟ ಬರೆಯಿರಿ, ಕೈ ಮಾತ್ರ, ಮಾತಿಲ್ಲದೆ. ಅವನ ಬಗ್ಗೆ ಓದುಗನಿಗೆ ಗೌರವ ಹುಟ್ಟಲು ಅದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಮಾತಿನ ವಿಷಯಕ್ಕೆ ಬರೋಣ. ಡೌನ್ ಇರುವವರಲ್ಲಿ ಬಾಯಿಯ ಸ್ನಾಯು ಸಡಿಲವಿರುವುದು, ಚಿಕ್ಕಂದಿನಿಂದ ಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಕಡಿಮೆಯಾಗುವುದು, ಇಂಥ ಕಾರಣಗಳಿಂದ ಉಚ್ಚಾರ ಅಸ್ಪಷ್ಟವಾಗುತ್ತದೆ. ಮಾತಾಡಲು ಬರುವುದಕ್ಕಿಂತ ಹೆಚ್ಚು ಅವರಿಗೆ ಅರ್ಥವಾಗುತ್ತದೆ, ಇದು ಮುಖ್ಯ. ಬಲೂನಿನಲ್ಲಿ ಅವನ ಮಾತನ್ನೆಲ್ಲ ತಪ್ಪು ಕಾಗುಣಿತದಲ್ಲಿ ಬರೆದರೆ ಓದುಗ ಅದನ್ನು ದಡ್ಡತನ ಎಂದೇ ಓದುತ್ತಾನೆ. ಎಲ್ಲವನ್ನೂ ತಿದ್ದಿ ಶುದ್ಧ ಕನ್ನಡದಲ್ಲಿ ಬರೆದರೆ ಅವನ ದಿನನಿತ್ಯದ ಪಾಡು ಮಾಯವಾಗುತ್ತದೆ. ಎರಡೂ ಬೇಡವಾದರೆ ಏನು ಮಾಡಬೇಕು?

ಅಮೆರಿಕದ ಸೀಸೀ ಬೆಲ್ 2014ರ 'ಎಲ್ ಡೆಫೊ'ದಲ್ಲಿ ತಮ್ಮ ಕಿವುಡುತನದ ಬಾಲ್ಯವನ್ನು ಬರೆದಿದ್ದಾರೆ. ಅದರಲ್ಲಿ ಶ್ರವಣಯಂತ್ರದ ಬ್ಯಾಟರಿ ಇಳಿಯುತ್ತ ಹೋದಂತೆ ಬೇರೆಯವರ ಬಲೂನಿನ ಅಕ್ಷರಗಳು ತೆಳುವಾಗುತ್ತವೆ, ಕೊನೆಗೆ ಬಲೂನು ಖಾಲಿ. ಅಕ್ಷರದ ರೂಪ ಅಲ್ಲಿ ಕೇಳುವವರ ಕಿವಿಯನ್ನು ತೋರಿಸುತ್ತದೆ. ನೀವು ಇದನ್ನು ತಿರುಗಿಸಿ ಬಳಸಿ. ನೀವೋ ಅಮ್ಮನೋ ಕೇಳಿಸಿಕೊಳ್ಳುವ ಚೌಕದಲ್ಲಿ ಅವನ ಮಾತು ಪೂರ್ತಿ, ಸ್ಪಷ್ಟ: "ಅಕ್ಕ, ಬೆಲ್ಲ ಖಾಲಿ ಆತು, ಅಪ್ಪಂಗೆ ಹೇಳು." ಅದೇ ಮಾತನ್ನು ಗಿರಾಕಿ ಕೇಳಿಸಿಕೊಳ್ಳುವ ಚೌಕದಲ್ಲಿ ಒತ್ತಕ್ಷರಗಳು ಉದುರಿರಲಿ, ಕೆಲವು ಅಕ್ಷರ ಅರ್ಧ ಅಳಿಸಿರಲಿ. ಹಾಗೆ ಮಾಡಿದಾಗ, ತಿಳಿಯದೆ ಹೋದದ್ದು ಕೇಳುವವರಿಗೆ ಎಂದು ಓದುಗನಿಗೆ ವಿವರಣೆಯಿಲ್ಲದೆ ಗೊತ್ತಾಗುತ್ತದೆ. ಪುಸ್ತಕ ಮುಂದೆ ಹೋದಂತೆ, ದಿನಾ ಬರುವ ಗಿರಾಕಿಯೊಬ್ಬರ ಚೌಕದಲ್ಲಿ ಅಕ್ಷರಗಳು ನಿಧಾನವಾಗಿ ತುಂಬಿಕೊಳ್ಳಬಹುದು. ಆದರೆ ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ಕಂಪ್ಯೂಟರ್ ಫಾಂಟಿನಲ್ಲಿ ಈ ಏರಿಳಿತ ಬರುವುದಿಲ್ಲ. ಕನ್ನಡಕ್ಕೆ ಒತ್ತಕ್ಷರ ಇಳಿಯಲು ಸಾಲುಗಳ ನಡುವೆ ಜಾಗ ಬೇಕು, ಪದಗಳೂ ಉದ್ದ. ಬಲೂನನ್ನು ಮೊದಲೇ ಲೆಕ್ಕ ಹಾಕದಿದ್ದರೆ ಅವನ ಮಾತು ಮೂಲೆಗೆ ಸೇರಿ ಇಕ್ಕಟ್ಟಾಗುತ್ತದೆ.

ಇನ್ನು ಹೊತ್ತು. ಕೇಳಿದ ಮಾತನ್ನು ಮನಸ್ಸಿನಲ್ಲಿ ಆಡಿಸಿ ಉತ್ತರ ಕೊಡಲು ಅವನಿಗೆ ಬೇರೆಯವರಿಗಿಂತ ಹೆಚ್ಚು ಸಮಯ ಬೇಕು. ಹೊರಗಿನವರು ಅಷ್ಟು ಕಾಯುವುದಿಲ್ಲ, ನಡುವೆ ನಾವೇ ಉತ್ತರ ಕೊಟ್ಟುಬಿಡುತ್ತೇವೆ. ಈ ಕಾಯುವಿಕೆಯನ್ನು ಸಿನಿಮಾದವರು ಹಿಡಿದರೆ ಪ್ರೇಕ್ಷಕ ಚಡಪಡಿಸುತ್ತಾನೆ, ಗದ್ಯದಲ್ಲಿ 'ಸ್ವಲ್ಪ ಹೊತ್ತಾಯಿತು' ಎಂದರೆ ಮುಗಿಯಿತು. ಚಿತ್ರಕಥೆಯಲ್ಲಿ ಹೊತ್ತು ಎಂದರೆ ಜಾಗ. ಮಾತಿಲ್ಲದ ಚೌಕಗಳನ್ನು ಪಕ್ಕಪಕ್ಕ ಇಟ್ಟರೆ ಓದುಗನ ಕಣ್ಣು ಅವುಗಳ ಮೇಲೆ ನಡೆದೇ ಮುಂದೆ ಹೋಗಬೇಕು. ಚೌಕ ಚೌಕದ ನಡುವಿನ ಖಾಲಿಯನ್ನು ಓದುಗನೇ ತುಂಬಿಕೊಳ್ಳುತ್ತಾನೆ ಎಂದು ಅಮೆರಿಕದ ಚಿತ್ರಕಥೆಗಾರ ಸ್ಕಾಟ್ ಮೆಕ್ಲೌಡ್ 1993ರಲ್ಲಿ ವಿವರಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಮಾಧ್ಯಮ ನಿಮ್ಮ ತಮ್ಮನಿಗೆ ಕೊಡಬಲ್ಲ ದೊಡ್ಡ ವಸ್ತು ಇದೇ: ಅವನಿಗೆ ಬೇಕಾದಷ್ಟು ಹೊತ್ತು.

ಹಾಗಾಗಿ ನಿಮ್ಮ ಅಂಗಡಿಯ ಪುಟವನ್ನು ನಾನು ಹೀಗೆ ಕಟ್ಟುತ್ತೇನೆ. ಒಂದೇ ಅಳತೆಯ ಆರು ಚೌಕಗಳು. ನೋಟ ಅವನ ಭುಜದ ಹಿಂದಿನಿಂದ, ತಕ್ಕಡಿಯ ಎತ್ತರದಲ್ಲಿ. ಒಂದು: ಹೆಂಗಸಿನ ಪ್ರಶ್ನೆ, ಬಲೂನಿನ ಬಾಲ ನಿಮ್ಮ ಕಡೆ ತಿರುಗಿರುವ ಅವರ ಬಾಯಿಂದ. ಎರಡು: ದಾರ ಸುತ್ತುತ್ತಿದ್ದ ಅವನ ಕೈ ನಿಂತಿದೆ. ಮೂರು: ಅದೇ ಕೈ, ಅದೇ ಜಾಗ, ಏನೂ ಬದಲಾಗಿಲ್ಲ. ಚೌಕದ ಅಂಚಿನಲ್ಲಿ ನಿಮ್ಮ ತೋಳು ಕಾಣುತ್ತದೆ, ಮುಖ ಬೇಡ. ನಾಲ್ಕು: ಅವನು ತಲೆ ಎತ್ತಿ ಆ ಹೆಂಗಸನ್ನು ನೋಡುತ್ತಾನೆ, ಈಗ ಮೊದಲ ಸಲ ಅವನ ಮುಖ, ನಗು ಇಲ್ಲ. ಐದು: ಅವನು ಏನು ಹೇಳಿದನೋ ಅದು. ಆರು: ಹೆಂಗಸಿನ ಕೈ, ಪೊಟ್ಟಣ, ಚಿಲ್ಲರೆ. ಐದನೆಯ ಚೌಕವನ್ನು ನಾನು ತುಂಬಲಾರೆ, ನೀವೂ ತುಂಬಬೇಡಿ. ಅವನನ್ನೇ ಕೇಳಿ. ಅಂದು ಅವನು ಏನೂ ಹೇಳದೇ ಇದ್ದಿರಬಹುದು. ಆಗ ಆ ಚೌಕವೂ ಮಾತಿಲ್ಲದೆ ಇರಲಿ. ನಿಮ್ಮ ಕಣ್ಣೀರಿಗೆ ಬೇರೆ ಪುಟ ಇದೆ, ಅಕ್ಕನ ಕಥೆಯೂ ಪುಸ್ತಕದಲ್ಲಿ ಬರಬೇಕು. ಅವನಿಗೆ ಸೇರಿದ ಗಳಿಗೆಯಲ್ಲಿ ಬರುವುದು ಬೇಡ.

ಆಟಿಸಂ ಇರುವ ಪಾತ್ರ ನಿಮ್ಮ ಕಥೆಯಲ್ಲಿ ಬರುವುದಾದರೆ, ತಮ್ಮ ಹೋಗುತ್ತಿದ್ದ ವಿಶೇಷ ಶಾಲೆಯ ಗೆಳೆಯರೋ ಯಾರೋ, ಬಣ್ಣದ ಬಳಕೆಗೆ ಫ್ರಾನ್ಸಿನ ಜೂಲಿ ದಾಶೆ ಬರೆದು ಮದ್‌ಮ್ವಾಸೆಲ್ ಕರೊಲಿನ್ ಚಿತ್ರಿಸಿದ 2016ರ ಪುಸ್ತಕ ನೋಡಿ. ದಾಶೆಗೆ ಸ್ವತಃ ಆಟಿಸಂ ಇದೆ, ದೊಡ್ಡವರಾದ ಮೇಲೆ ಗೊತ್ತಾದದ್ದು. ಅವರ ನಾಯಕಿ 27ರ ಮಾರ್ಗರಿಟ್‌ಳ ಜಗತ್ತು ಮೊದಲು ಬೂದು, ಮೈಮೇಲೆ ಬೀಳುವ ಸದ್ದುಗಳೆಲ್ಲ ಕೆಂಪು. ತನಗೇನಿದೆ ಎಂದು ತಿಳಿದ ಮೇಲೆ ಪುಟಕ್ಕೆ ಉಳಿದ ಬಣ್ಣಗಳು ಬರುತ್ತವೆ. ನಮ್ಮ ಅಡುಗೆಮನೆಯ ಮಿಕ್ಸಿಯ 'ಗರ್ರ್' ಎಂಬ ಅಕ್ಷರಗಳು ಅಮ್ಮನ ಬಲೂನಿನ ಮೇಲೆ ಬಿದ್ದು ಮಾತನ್ನೇ ಮುಚ್ಚುವ ಹಾಗೆ ಬರೆದರೆ, ಮಗು ಕಿವಿ ಮುಚ್ಚಿಕೊಂಡದ್ದು ಯಾಕೆಂದು ಬೇರೆ ಹೇಳಬೇಕಿಲ್ಲ.

ಒಪ್ಪಿಗೆ. ಬೇಕು, ಖಂಡಿತ ಬೇಕು. ಅಪ್ಪ ಅಮ್ಮನ ಒಪ್ಪಿಗೆ ಅವನ ಒಪ್ಪಿಗೆಯ ಬದಲಿಗೆ ಬರುವುದಿಲ್ಲ. 'ಅವನಿಗೇನು ಗೊತ್ತಾಗುತ್ತೆ' ಎನ್ನುವವರು ಮನೆಯಲ್ಲೇ ಇರಬಹುದು, ಅದು ಗಿರಾಕಿಯ ಪ್ರಶ್ನೆಯೇ. ಕೇಳುವ ಕ್ರಮ ಮಾತ್ರ ಬೇರೆ. ಬೌದ್ಧಿಕ ಅಂಗವೈಕಲ್ಯ ಇರುವ ಹಲವರು ಎದುರಿನವರನ್ನು ಮೆಚ್ಚಿಸಲು 'ಹ್ಞೂಂ' ಎಂದುಬಿಡುತ್ತಾರೆ. ಪ್ರೀತಿಯ ಅಕ್ಕನಿಗೆ ಇನ್ನೂ ಬೇಗ ಹ್ಞೂಂ ಸಿಗುತ್ತದೆ. ಆದ್ದರಿಂದ 'ಇದನ್ನು ಹಾಕಲಾ?' ಎಂದು ಕೇಳಿದ ಪುಟವನ್ನೇ ಇನ್ನೊಂದು ದಿನ 'ಇದನ್ನು ತೆಗೆದುಬಿಡಲಾ?' ಎಂದು ಕೇಳಿ. ಎರಡಕ್ಕೂ ಹ್ಞೂಂ ಬಂದರೆ ಅವನು ಇನ್ನೂ ತೀರ್ಮಾನಿಸಿಲ್ಲ ಎಂದರ್ಥ. ಮಾತಿನಲ್ಲಿ ಕೇಳುವುದಕ್ಕಿಂತ ಪುಟಗಳನ್ನು ನೆಲದ ಮೇಲೆ ಹರಡಿ, ಒಂದು ಕಡೆ 'ಎಲ್ಲರೂ ನೋಡಬಹುದು', ಇನ್ನೊಂದು ಕಡೆ 'ಮನೆಯವರು ಮಾತ್ರ', ಮೂರನೆಯ ಕಡೆ 'ಬೇಡ' ಎಂದು ಜಾಗ ಮಾಡಿ, ಅವನ ಕೈಯಲ್ಲೇ ಇಡಿಸಿ. ಮಾತಿಗಿಂತ ಕಣ್ಣಿಗೆ ಕಂಡದ್ದನ್ನು ಹಿಡಿಯುವುದು ಡೌನ್ ಇರುವವರಿಗೆ ಸಾಮಾನ್ಯವಾಗಿ ಸುಲಭ. ಚಿತ್ರಕಥೆ ವಿಶೇಷ ಶಿಕ್ಷಣದಲ್ಲಿ ಈಗಾಗಲೇ ಬಳಕೆಯಲ್ಲಿರುವ ಭಾಷೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1994ರಲ್ಲಿ ರೂಪಿಸಿದ ವಿಧಾನದಲ್ಲಿ ಕಡ್ಡಿಯಂಥ ಮನುಷ್ಯರನ್ನು ಬರೆದು, ಬಲೂನು ಹಾಕಿ, ಭಾವನೆಗೊಂದು ಬಣ್ಣ ಕೊಟ್ಟು, ನಡೆದ ಘಟನೆಯನ್ನು ಆಟಿಸಂ ಇರುವ ಮಗುವಿನ ಜೊತೆ ಮಾತಾಡುತ್ತಾರೆ. ನೀವಿಬ್ಬರೂ ಅದೇ ರೀತಿ ಅಂಗಡಿಯ ಒಂದು ದಿನವನ್ನು ಒಟ್ಟಿಗೆ ಬರೆದು ನೋಡಿ. ಅವನು ಬರೆದ ಗೆರೆ ಅಂಕುಡೊಂಕಾಗಿದ್ದರೂ ಹಾಗೇ ಪುಸ್ತಕಕ್ಕೆ ಹೋಗಲಿ, ನೀವು ಅದರ ಮೇಲೆ ಶಾಯಿ ಎಳೆಯಬೇಡಿ.

ಕೆಲವನ್ನು ಅವನು ಒಪ್ಪಿದರೂ ಬಿಡಿ ಎಂದು ಹೇಳುತ್ತೇನೆ: ಸ್ನಾನ, ಶೌಚ, ಮೈ ಬೆಳೆದ ಕಾಲದ ಪೇಚುಗಳು. ನೆರೆಹೊರೆಯವರು ಪುಸ್ತಕ ಓದಿದ ಮರುದಿನವೂ ಅವನು ಅದೇ ಗಲ್ಲೆಯ ಹಿಂದೆ ನಿಲ್ಲಬೇಕು. ನಿಮ್ಮ ಬಗ್ಗೆ ಅವನು ಪುಸ್ತಕ ಬರೆದಿದ್ದರೆ ಏನನ್ನು ಹಾಕಬಾರದು ಎನ್ನುತ್ತಿದ್ದಿರಿ, ಅದನ್ನು ಅವನ ಬಗ್ಗೆಯೂ ಹಾಕಬೇಡಿ.

ಕಾನೂನೂ ಈಗ ಈ ಕಡೆ ತಿರುಗಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಹಿಂದಿ ಸಿನಿಮಾದ ಪ್ರಕರಣದಲ್ಲಿ ಅಂಗವಿಕಲರನ್ನು ತೆರೆಯ ಮೇಲೆ ತೋರಿಸುವ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಅಂಗವಿಕಲರನ್ನು ಸೇರಿಸಿಕೊಂಡು ಕೆಲಸ ಮಾಡಿ, ಅವರ ಬಗೆಗಿನ ಸಿದ್ಧಮಾದರಿಗಳನ್ನು ಬೆಳೆಸಬೇಡಿ ಎನ್ನುವುದು ಅದರ ತಿರುಳು. ಪುಸ್ತಕ ಬರೆಯುವವರಿಗೂ ಅದು ಓದಲು ಯೋಗ್ಯ.

ನಿಮ್ಮ ಪತ್ರದಲ್ಲಿ ಕೇಳದ ಒಂದು ವಿಷಯ ಹೇಳಬೇಕು. ಇಂಥ ಪುಸ್ತಕಗಳು ಹೆಚ್ಚಾಗಿ ಬಾಲ್ಯದಲ್ಲೇ ಮುಗಿದುಬಿಡುತ್ತವೆ. ಡೌನ್ ಇರುವವರ ಆಯಸ್ಸು ಈಗ ಅನುಕೂಲವಿರುವ ದೇಶಗಳಲ್ಲಿ 60ರ ಸುಮಾರಿಗೆ ಬಂದಿದೆ, ಹೃದಯದ ಶಸ್ತ್ರಚಿಕಿತ್ಸೆ ಅದಕ್ಕೆ ದೊಡ್ಡ ಕಾರಣ. ಅಂದರೆ ಬದುಕಿನ ಹೆಚ್ಚಿನ ಭಾಗ ದೊಡ್ಡವರ ಬದುಕೇ. ಅದನ್ನು ಬರೆದವರು ಕಡಿಮೆ, ನಿಮ್ಮ ಬಳಿ ಅದು ಕಣ್ಣೆದುರೇ ಇದೆ. ಅಂಗವಿಕಲರ ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ಸಾಲು ನಿಂತ ದಿನ ಬರೆಯಿರಿ. ಒಬ್ಬ ಮನುಷ್ಯನಿಗೆ ಶೇಕಡಾವಾರು ಅಂಕಿ ಬೀಳುವುದನ್ನು ಅವನ ಪಕ್ಕ ಕೂತು ನೋಡಿದವರು ನೀವು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಅವನಿಗೆ 18 ತುಂಬಿದ ಮೇಲೆ ಪೋಷಕತ್ವಕ್ಕಾಗಿ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಹಾಕಿದ್ದರೆ, ಆ ಸಹಿ ಯಾರು ಹಾಕಿದರು, ಅವನನ್ನು ಯಾರಾದರೂ ಕೇಳಿದರೇ? ಅಂಗಡಿಯ ಕೆಲಸಕ್ಕೆ ಅವನಿಗೆ ಸಂಬಳ ಇದೆಯೇ? 'ನಮ್ಮ ನಂತರ ಇವನಿಗೆ ಯಾರು' ಎಂದು ಅಪ್ಪ ಅಮ್ಮ ರಾತ್ರಿ ಮಾತಾಡುವಾಗ ಅವನು ಪಕ್ಕದ ಕೋಣೆಯಲ್ಲಿ ಎಚ್ಚರವಿರುತ್ತಾನೆಯೇ? ಗಿರಾಕಿಗಳು 24ರವನನ್ನು ಇನ್ನೂ 'ಪಾಪು' ಎನ್ನುತ್ತಾರೆಯೇ? ಅವನ ಬಲೂನಿಗೆ ಇದೆಲ್ಲದರ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ದೊಡ್ಡ ಕಾದಂಬರಿಗೆ ಕೈ ಹಾಕುವ ಮೊದಲು ಒಂದು ಎ4 ಹಾಳೆ ತೆಗೆದುಕೊಳ್ಳಿ. ಮಡಿಸಿ, ಮಧ್ಯೆ ಕತ್ತರಿ ಹಾಕಿದರೆ ಎಂಟು ಪುಟದ ಪುಸ್ತಿಕೆಯಾಗುತ್ತದೆ. ಅಂಗಡಿ ಬಾಗಿಲು ತೆಗೆಯುವುದರಿಂದ ಮುಚ್ಚುವವರೆಗಿನ ಅವನ ಒಂದು ದಿನ, ಆದಷ್ಟು ಕಡಿಮೆ ಮಾತು, ಅವನೇ ಓದಿಕೊಳ್ಳಬಲ್ಲಷ್ಟು. ಮುಖಪುಟ ಅವನು ಬರೆಯಲಿ, ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿರಲಿ. ಜೆರಾಕ್ಸ್ ಮಾಡಿಸಿ ಅಂಗಡಿಯಲ್ಲೇ ಇಡಬಹುದು. ಬೆಲೆ ಇಟ್ಟು ಮಾರುವುದಾದರೆ ಅವನ ಪಾಲು ಎಷ್ಟು ಎಂಬುದನ್ನು ಅವನ ಜೊತೆ ಕೂತು ಮೊದಲೇ ಮಾತಾಡಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.